ಮಣ್ಣಾಗದ ಜರ್ಸಿ

"ಅಮ್ಮಾ, ನಾನು ನಮ್ಮ ಟೀಮಿನ ಲಕ್ಕಿ ಚಾರ್ಮ್ ಅಂತೆ!"

ಹೈಸ್ಕೂಲಿನ ಖೋ-ಖೋ ಟೀಮಿಗೆ ಸೇರಿದ ಮಗಳು ಸಿಂಚನಾ ಹೀಗೆ ಹೇಳಿದಾಗ ಜಯಶೀಲಾ ಹಿಗ್ಗಿಹೋಗಿದ್ದಳು...

ಹಾಲಿನ ಡೇರಿಯಲ್ಲಿ, ಬಸ್‌ಸ್ಟಾಪಿನಲ್ಲಿ ಸಿಕ್ಕವರಿಗೆಲ್ಲ ಅದೇ ಮಾತು. "ನಮ್ಮ ಹುಡುಗಿ ಇದ್ರೆ ಟೀಮು ಗೆದ್ದಂಗೇ ಅಂತೆ ಕಣ್ರೀ!"

ಆದರೆ ಒಂದು ವಿಷಯ ಮಾತ್ರ ಅವಳ ಮನಸ್ಸನ್ನು ಕೊರೆಯುತ್ತಿತ್ತು.

ಈಚೆಗೆ ಮ್ಯಾಚ್ ಮುಗಿಸಿ ಬಂದ ಮಗಳ ಜರ್ಸಿ ಒಗೆಯಲು ಕೂತರೆ... ಮೈದಾನದ ಕೆಮ್ಮಣ್ಣಿಗೆ ಬಕೆಟ್ಟಿನ ನೀರು ಕೆಂಪಾಗುತ್ತಲೇ ಇರಲಿಲ್ಲ.

ಮಂಡಿ ತರಚಿದರೆ ಹಚ್ಚಲು ತಂದಿಟ್ಟ ಮುಲಾಮಿನ ಸೀಲೂ ಒಡೆದಿರಲಿಲ್ಲ.

ಕೇಳಬೇಕು ಅನ್ನಿಸುತ್ತಿತ್ತು... ಉತ್ತರ ಏನು ಬರುತ್ತದೋ ಎಂಬ ಭಯಕ್ಕೆ ಕೇಳಿರಲಿಲ್ಲ.

ತಾಲ್ಲೂಕು ಫೈನಲ್ ದಿನ, "ನೀನು ಬರಬೇಡಮ್ಮ" ಎಂದು ಮಗಳು ಎಷ್ಟು ಗೋಗರೆದರೂ ಬಿಡದೆ, ಕೆಲಸಕ್ಕೆ ರಜೆ ಹಾಕಿ, ಮುಲಾಮನ್ನು ಬ್ಯಾಗಿಗೆ ಹಾಕಿಕೊಂಡು ಮೈದಾನಕ್ಕೆ ಹೋದಳು.

ಮಗಳು ಬೆಂಚಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಎಲ್ಲರ ನೀರಿನ ಬಾಟಲಿಗಳು.

ಆಟಕ್ಕಿಳಿಯುವ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಅವಳ ತಲೆಯ ಮೇಲೆ ಟಕ್ ಟಕ್ ಎಂದು ಕುಟ್ಟಿ, "ಟಚ್ ವುಡ್! ಟಚ್ ವುಡ್!" ಎಂದು ನಗುತ್ತ ಓಡುತ್ತಿದ್ದರು...

ದೃಷ್ಟಿ ತಾಗದಿರಲಿ ಎಂದು ಮರ ಮುಟ್ಟುವುದಂತೆ. ಇಲ್ಲಿ ಮರದ ಬದಲು ತನ್ನ ಮಗಳ ತಲೆ!

ಸಿಂಚನಾ ಕೂಡ ನಗುತ್ತಿದ್ದಳು. ಆದರೆ ಆ ನಗು ತಾಯಿಗೆ ಗೊತ್ತು... ಅಳು ನುಂಗುವಾಗ ಬರುವ ನಗು ಅದು.

ಸಿಟ್ಟು ನೆತ್ತಿಗೇರಿತು. ಜಯಶೀಲಾ ನೇರವಾಗಿ ಪಿ.ಟಿ. ಮೇಷ್ಟ್ರ ಎದುರು ಹೋಗಿ ನಿಂತಳು.

"ನನ್ನ ಮಗಳನ್ನ ಯಾಕ್ ಸಾರ್ ಆಡಿಸ್ತಿಲ್ಲ?"

"ಅಯ್ಯೋ, ಬೇಜಾರ್ ಮಾಡ್ಕೋಬೇಡಿ ತಾಯಿ. ಚೆನ್ನಾಗೇ ಓಡ್ತಾಳೆ. ಆದ್ರೆ ಮೊದಲ್ನೇ ಮ್ಯಾಚಲ್ಲಿ ಇಳಿಸಿದ್ವಿ, ಸೋತ್ವಿ. ಆಮೇಲೆ ಹೊರಗೆ ಕೂರಿಸಿದ್ವಿ... ಅವತ್ತಿಂದ ಸೋತೇ ಇಲ್ಲ! ಲಕ್ ಅನ್ನೋದು ಒಂದು ಇರುತ್ತಲ್ವಾ?"

"ಓಹೋ... ಅಪಶಕುನ ಅಂತ ಬಾಯಿಬಿಟ್ಟು ಹೇಳೋಕಾಗದೆ, ಇಂಗ್ಲಿಷಲ್ಲಿ ಲಕ್ಕಿ ಚಾರ್ಮ್ ಅಂದ್ರಾ ಸಾರ್?"

ಮೇಷ್ಟ್ರು ಪೀಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತರು.

ಅಷ್ಟರಲ್ಲಿ ಸಿಂಚನಾ ಓಡಿಬಂದು ತಾಯಿಯ ಕೈ ಜಗ್ಗಿದಳು. "ಸುಮ್ನಿರಮ್ಮ... ನಾನು ಇಳಿದು ಸೋತ್ರೆ, ಎಲ್ಲಾ ನನ್ನಿಂದಾನೇ ಅಂತಾರೆ. ನಾನು ಇಲ್ಲೇ ಕೂತಿರ್ತೀನಿ."

ಜಯಶೀಲಾ ಮಗಳ ಭುಜ ಹಿಡಿದಳು. ಮಗುವೇ ಅದನ್ನು ನಂಬಿಬಿಟ್ಟಿತ್ತು...

"ಸೋತರೆ ಸೋಲು ಮಗಳೇ! ಓಡಿ ಸೋಲು... ಹಿಂಗೆ ಕೂತು ಗೆಲ್ಲಬೇಡ!"

ಅರ್ಧ ಆಟ ಮುಗಿದಾಗ ಮೇಷ್ಟ್ರು ಮುಖ ಗಂಟಿಕ್ಕಿಕೊಂಡೇ ಹೇಳಿದರು. "ಹೋಗು, ಇಳಿ. ಸೋತ್ರೆ ನಿಮ್ಮಮ್ಮನ್ನ ಕೇಳ್ತೀನಿ."

"ಕೇಳಿ ಸಾರ್. ಇಲ್ಲೇ ನಿಂತಿರ್ತೀನಿ."

ಸಿಂಚನಾ ಇಳಿದಳು. ಓಡಿದಳು. ಕಂಬದ ಹತ್ತಿರ ಮಣ್ಣಿಗೆ ಹಾರಿಬಿದ್ದು ಇಬ್ಬರನ್ನು ಔಟ್ ಮಾಡಿದಳು...

ಆದರೂ ಟೀಮು ಸೋತಿತು. ಒಂದೇ ಪಾಯಿಂಟಿನಲ್ಲಿ.

ಬಹುಮಾನ ಕೊಡಲು ಬಂದಿದ್ದವರು ಮೈಕಿನಲ್ಲಿ "ಬೆಟರ್ ಲಕ್ ನೆಕ್ಸ್ಟ್ ಟೈಮ್" ಎಂದರು. "ನೋಡಿದ್ರಾ?" ಎಂಬಂತೆ ಮೇಷ್ಟ್ರು ಜಯಶೀಲಾಳ ಕಡೆ ತಿರುಗಿದರು.

ಅವಳು ಕಣ್ಣು ತಗ್ಗಿಸಲಿಲ್ಲ.

ಕ್ಯಾಪ್ಟನ್ ಹುಡುಗಿ ಸಪ್ಪೆ ಮುಖ ಹಾಕಿಕೊಂಡು ಬಂದು, "ಹಾರ್ಡ್ ಲಕ್ ಕಣೇ..." ಎನ್ನುತ್ತ ರೂಢಿಯಂತೆ ಸಿಂಚನಾಳ ತಲೆಯತ್ತ ಕೈ ಎತ್ತಿದಳು.

ಸಿಂಚನಾ ಆ ಕೈಯನ್ನು ಗಾಳಿಯಲ್ಲೇ ಹಿಡಿದು ನಿಲ್ಲಿಸಿದಳು.

"ಲಕ್ ಅಲ್ಲ ಕಣೇ. ಕೊನೇಲಿ ನಾನು ಖೋ ಕೊಡೋದು ತಡ ಮಾಡಿದೆ. ನಾಳೆ ಬೆಳಿಗ್ಗೆ ಬೇಗ ಬಾ, ಪ್ರಾಕ್ಟೀಸ್ ಮಾಡೋಣ."

ಆಗ ಜಯಶೀಲಾಳ ಕಣ್ಣು ತುಂಬಿ ಬಂತು... ಮಗಳ ಮಂಡಿಯಿಂದ ರಕ್ತ ಒಸರುತ್ತಿತ್ತು. ಬ್ಯಾಗಿನಿಂದ ಮುಲಾಮು ತೆಗೆದು ಸೀಲು ಒಡೆದಳು.

ಅವತ್ತು ಸಂಜೆ ಬಕೆಟ್ಟಿನ ನೀರು ಕೆಂಪಾಯಿತು. ಜರ್ಸಿ ಹಿಂಡುವಾಗಲೂ ಜಯಶೀಲಾಳ ಸಿಟ್ಟು ಇಳಿದಿರಲಿಲ್ಲ...

ಒಬ್ಬರ ಸೋಲುವ ಅವಕಾಶವನ್ನೂ ಕಿತ್ತುಕೊಂಡು ಅವರ ಮೇಲೆ ಹೊರಿಸುವ ಅದೃಷ್ಟ... ಅದೃಷ್ಟವಲ್ಲ, ಅನ್ಯಾಯ.

ನಿಮ್ಮ ಮನೆಯಲ್ಲಿ, ನಿಮ್ಮ ಆಫೀಸಿನಲ್ಲಿ "ಲಕ್ಕಿ" ಎಂದು ಹೊಗಳಿ ಬೆಂಚಿನ ಮೇಲೆ ಕೂರಿಸಿರುವವರು ಯಾರಾದರೂ ಇದ್ದಾರಾ? ಒಮ್ಮೆ ಅವರ ಮುಖ ನೋಡಿ... ಅವರು ನಿಜವಾಗಿ ನಗುತ್ತಿದ್ದಾರಾ?