ಮೇಲಿಂದ ಮೇಲೆ ಡಾಂಬರು

ಮತ್ತೆ ಚುನಾವಣೆಗೆ ನಿಂತಿದ್ದ ಮೇಯರ್, ಕೊರಳ ಹಾರವನ್ನೂ ತೆಗೆಯದೆ ಮುದುಕಿಯ ಮನೆಯೊಳಗೆ ಬಂದು ಕೈ ಮುಗಿದರು. ಆಕೆ ಹೇಳಿದವರಿಗೇ ಇಡೀ ಕೇರಿ ವೋಟು ಹಾಕುತ್ತಿತ್ತು.

“ಅಜ್ಜಿ, ಐದು ವರ್ಷದಲ್ಲಿ ನಿಮ್ಮ ರಸ್ತೆಗೆ ಹತ್ತು ಸಲ ಡಾಂಬರು ಹಾಕ್ಸಿದೀನಿ. ಒಂದ್ಸಲನಾದ್ರೂ ಹಳೇದನ್ನ ಅಗೆಸಿ ಧೂಳೆಬ್ಬಿಸಿದ್ನಾ? ಮೇಲಿಂದ ಮೇಲೆ ಹಾಕ್ಸಿದ್ದೇ!”

ಹೊರಗೆ ರಸ್ತೆಯಲ್ಲಿ ನಿಂತಿದ್ದ ಹಿಂಬಾಲಕರು ಜೈಕಾರ ಕೂಗಿದರು.

“ಮತ್ತೆ ಗೆದ್ರೆ ಏನ್ ಮಾಡಿಸ್ತೀಯಪ್ಪಾ?”

“ಇನ್ನೂ ಹತ್ತು ಸಲ ಹಾಕಿಸ್ತೀನಿ!”

ಮುದುಕಿ ತಲೆಯಾಡಿಸಿದಳು.

“ಹೋದ ಎಲೆಕ್ಷನ್ನಲ್ಲಿ ಎರಡು ಮೆಟ್ಟಿಲು ಹತ್ತಿ ಮನೆಯೊಳಗೆ ಬಂದಿದ್ದೆ. ಇವತ್ತು ಎರಡು ಮೆಟ್ಟಿಲು ಇಳಿದು ಬಂದೆ. ಮುಂದಿನ ಸಲ ಬಾಗಿಲು ಹುಡುಕಬೇಡ ಕಣಪ್ಪಾ, ಹೆಂಚು ಸರಿಸಿ ಇಳಿ.”