ಜುಲೇಖಾ ಮಾಮಿಯ ಅಗರು ಮಣಿ

ಅಗರಿನ ಹೊಗೆ ಮೂಗಿಗೆ ತಾಗಿದರೆ ಇಂದಿಗೂ ನನ್ನ ಎಡಗೈ ಬರಿದೆನಿಸುತ್ತದೆ.

ಭಟ್ಕಳದಲ್ಲಿ ನಮ್ಮ ಪಕ್ಕದ ಮನೆಯ ಜುಲೇಖಾ ಮಾಮಿಯ ಕೈಯಲ್ಲಿ ಸದಾ ಪರಿಮಳದ ಅಗರು ಮರದ ಮಣಿಗಳ ಸರವಿರುತ್ತಿತ್ತು. ನಡುವೆ ಒಂದೇ ಒಂದು ಕೆಂಪು ಹರಳು. ಆ ಸರವನ್ನು ಕೊಲಂಬೊದಿಂದ ತಂದುಕೊಟ್ಟಿದ್ದ ಗಂಡ ಅಲ್ಲೇ ತೀರಿಕೊಂಡರೆಂದು ತಂತಿ ಬಂತು. ಮರುದಿನ ಮಾಮಿ ಸರ ಬಿಚ್ಚಿ ನನ್ನ ಎಡಗೈಗೆ ಎರಡು ಸುತ್ತು ಸುತ್ತಿದರು.

"ಎಂತಕ್ಕೆ ಮಾಮಿ?"

"ಗಂಡ ಸತ್ತವ್ರು ನಾಲ್ಕು ತಿಂಗ್ಳು ಹತ್ತು ದಿನ ಪರಿಮಳ ಹಾಕೂಕಿಲ್ಲ, ಹೊಸ್ತಿಲು ದಾಟೂಕಿಲ್ಲ ಮಗಾ. ನೀ ಹಾಕ್ಕೋ. ದಿನಾ ಬಾ."

ಬೆವರಿಗೆ ಬೆಚ್ಚಗಾದ ಮಣಿಗಳು ಘಮಘಮಿಸುತ್ತಿದ್ದವು. ಮಾಮಿ ನನ್ನನ್ನು ಒತ್ತಿಕೊಂಡೇ ಕೂರುತ್ತಿದ್ದರು.

ಒಂದು ಮಧ್ಯಾಹ್ನ, ಸ್ನಾನಕ್ಕೆಂದು ತೆಗೆದಿಟ್ಟ ಸರವನ್ನು ಮನೆಯಲ್ಲೇ ಮರೆತು ಮಾಮಿಯಲ್ಲಿಗೆ ಹೋದೆ. ಮಾಮಿ ನನ್ನ ಬರಿಗೈಯನ್ನು ಮೂಗಿನ ಹತ್ತಿರ ತಂದು, ಮತ್ತೆ ಮಡಿಲಲ್ಲಿಟ್ಟುಕೊಂಡರು.

"ಓಡಿ ಹೋಗಿ ಹಾಕ್ಕೊಂಡು ಬಾ," ಎಂದರು. "ನಾ ಎಲ್ಲೂ ಹೋಗುದಿಲ್ಲ."