ಜರೀಗಿಡದ ಗೋಣಿ

ಮಾರ್ಕೆಟ್ ಯಾರ್ಡಿನಲ್ಲಿ ಗೋಣಿಚೀಲದ ವಾಸನೆ ಮೂಗಿಗೆ ಬಡಿದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಚಿಂಚವಾಡದ ನಮ್ಮ ವಸತಿ ಸೊಸೈಟಿಯ ಅಂಗಳದಲ್ಲಿ ಅಜ್ಜಿ ದಾಂಡೇಲಿಯಿಂದ ತಂದು ನೆಟ್ಟ ಜರೀಗಿಡ ಆಗ ಚಿಕ್ಕವಳಾಗಿದ್ದ ನನ್ನಷ್ಟೇ ಎತ್ತರವಿತ್ತು. ಚಳಿಗಾಲ ಬಂತೆಂದರೆ ಅಜ್ಜಿ ಅದರ ಎಳೆ ಎಲೆಗಳ ಸುರುಳಿಗಳ ನಡುವೆ ಒಣಹುಲ್ಲು ತುಂಬಿ, ಸುತ್ತ ಗೋಣಿ ಹೊದಿಸಿ, ಹರಿದ ಇಳಕಲ್ ಸೀರೆಯ ಅಂಚಿನಿಂದ ಕಟ್ಟುತ್ತಿದ್ದಳು. "ಬಿಗಿ ಕಟ್ಟಬಾರದವಾ, ಅದಕ್ಕೂ ಉಸಿರಾಡೂದು ಇರ್ತದ" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಸೊಸೈಟಿಯ ಸೆಕ್ರೆಟರಿ ಬಂದರು. ಮರುದಿನ ಅವರ ಮಗಳನ್ನು ನೋಡಲು ಗಂಡಿನವರು ಬರುವವರಿದ್ದರು. ಈ ಗೋಣಿಯಿಂದ ಅಂಗಳ ಝೋಪಡಪಟ್ಟಿಯಂತೆ ಕಾಣುತ್ತದೆ, ಈಗಲೇ ತೆಗೆಯಿರಿ ಎಂದು ಮರಾಠಿಯಲ್ಲಿ ಹೇಳಿದರು. ಅಜ್ಜಿ ಗಂಟು ಬಿಚ್ಚತೊಡಗಿದಳು. ನಾನು ಗೋಣಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

"ಬಿಡವಾ," ಎಂದಳು ಅಜ್ಜಿ, "ದೊಡ್ಡವರು ಹೇಳ್ಯಾರ."

ನಾನು ಬಿಟ್ಟೆ.

ಆ ಒಂದೇ ರಾತ್ರಿಯ ಥಂಡಿಗೆ ಸುರುಳಿಗಳೆಲ್ಲ ಸುಟ್ಟಂತೆ ಕಪ್ಪಾದವು. ಅಜ್ಜಿ ಅವನ್ನು ಒಂದೊಂದೇ ಕತ್ತರಿಸುತ್ತಿದ್ದಾಗ ಸೆಕ್ರೆಟರಿ ತಮ್ಮ ಕಾರಿಗೆ ಒರಗಿ ನಿಂತು, ಗಿಡ ಹಚ್ಚಿದರೆ ಸಾಲದು ಆಜಿ, ಜೋಪಾನ ಮಾಡಲೂ ಬರಬೇಕು ಎಂದರು.

"ಹೋ ಸಾಹೇಬ" ಎಂದು ಅಜ್ಜಿ ಮರಾಠಿಯಲ್ಲೇ ಒಪ್ಪಿಕೊಂಡಳು.

ಅವರು ಒರಗಿದ್ದ ಕಾರು ನೆತ್ತಿಯಿಂದ ಗಾಲಿಯವರೆಗೆ ದಪ್ಪ ಹೊದಿಕೆ ಹೊದ್ದುಕೊಂಡಿತ್ತು.